ಹಳೇ ಹ್ಯಾಕಿಂಟಾಶ್ ಇಟ್ಕೊಂಡವ್ರು ಸಿಕ್ವೊಯಾ ಹಾಕಿಸ್ಕೊಳ್ಳೂಕೆ ಮುಂಚೆ ಇದನ್ನೊಂದ್ಸಲ ಓದಿ

ಶಿರಸಿ, ಸಿದ್ದಾಪುರ, ಕುಮಟಾ, ಕಾರವಾರ ಕಡೆ ಸ್ಟುಡಿಯೋ ಇಟ್ಕೊಂಡು ಅಸೆಂಬಲ್ಡ್ ಪಿಸಿ ಮೇಲೆ ಮ್ಯಾಕ್‌ಓಎಸ್ ಓಡಿಸ್ತಾ (ಇದಕ್ಕೇ ಹ್ಯಾಕಿಂಟಾಶ್ ಅನ್ನೂದು) ಮದುವೆ ವಿಡಿಯೋ, ಯಕ್ಷಗಾನ ಆಟದ ರೆಕಾರ್ಡಿಂಗ್ ಎಡಿಟ್ ಮಾಡ್ತಾ ಇರೋರು ಇನ್ನೂ ಸುಮಾರು ಜನ ಇದೀರಿ ಅಂತ ಗೊತ್ತು, ಇದು ನಿಮಗೋಸ್ಕರನೇ. ಹೊರಗಿನ ಊರಿನ ಒಬ್ಬ ಟೆಕ್ನಿಶಿಯನ್ ಸ್ಟುಡಿಯೋದಿಂದ ಸ್ಟುಡಿಯೋಗೆ ತಿರುಗ್ತಾ ಇದಾನೆ, "ನಿಮ್ಮ ಹಳೇ ಪಿಸಿಗೆ ಲೇಟೆಸ್ಟ್ ಮ್ಯಾಕ್ ಹಾಕ್ಕೊಡ್ತೆ, ಒಂದು ಮಧ್ಯಾಹ್ನದ ಕೆಲ್ಸ" ಹೇಳಿ. ಹೆಸರು ಬೇಡ, ಅವನೊಬ್ಬನೇ ಅಂತಲ್ಲ, ಇಂಥವ್ರು ಎಲ್ಲಾ ಕಡೆ ಇದಾರೆ. ನಮ್ಮಲ್ಲಿ ಸಿಕ್ವೊಯಾ ಅನ್ನೋ ಮ್ಯಾಕ್‌ಓಎಸ್ ವರ್ಷನ್ ಹಾಕ್ದ. ಬೂಟ್ ಆಯ್ತು, ಆ್ಯಪಲ್ ಲೋಗೋ ಬಂತು, ವಾಲ್‌ಪೇಪರ್ ಚಂದ ಕಂಡ್ತು, ಚಾ ಕುಡ್ದು ದುಡ್ಡು ಇಸ್ಕೊಂಡು ಹೋದ. ಬೂಟ್ ಆಗೂದು ದೊಡ್ಡ ವಿಷ್ಯನೇ ಅಲ್ಲ ಅನ್ನೂದು ಆಮೇಲಿನ ವಾರಗಳಲ್ಲಿ ಗೊತ್ತಾಯ್ತು.

ನಮ್ಮ ಮಶೀನ್ ಯಾವ್ದು ಅಂತ ಮೊದ್ಲೇ ಹೇಳ್ಬಿಡ್ತೇನೆ, ಯಾಕಂದ್ರೆ ಈ ವ್ಯವಹಾರದಲ್ಲಿ ಎಲ್ಲಾ ನಿಂತಿರೂದು ಅದರ ಮೇಲೇ. ಐ7-4770, ಅಂದ್ರೆ ಇಂಟೆಲ್ ನಾಲ್ಕನೇ ಜನರೇಶನ್ ಹ್ಯಾಸ್ವೆಲ್, ಝಡ್87 ಬೋರ್ಡು, 32 ಜಿಬಿ ರ್‍ಯಾಮ್, ಎನ್‌ವಿಡಿಯಾ ಜಿಟಿಎಕ್ಸ್ 780 ಕಾರ್ಡು, ವೈಫೈಗೆ ಬ್ರಾಡ್‌ಕಾಮ್ 94360 ಪಿಸಿಐ ಕಾರ್ಡು. ಓಡ್ತಾ ಇದ್ದಿದ್ದು ಬಿಗ್ ಸರ್ ಅನ್ನೋ ಹಳೇ ಮ್ಯಾಕ್‌ಓಎಸ್. ಎಷ್ಟು ಸ್ಟೇಬಲ್ ಅಂದ್ರೆ ಇದು ಅಸಲಿ ಮ್ಯಾಕ್ ಅಲ್ಲ ಅನ್ನೂದೇ ಮರ್ತು ಹೋಗಿತ್ತು.

ಅದು ಯಾಕೆ ಅಷ್ಟು ಚೆನ್ನಾಗಿ ಓಡ್ತಿತ್ತು ಅಂದ್ರೆ, ಈ ಕಾರ್ಡಿನ ಕೆಪ್ಲರ್ ಚಿಪ್ಪಿಗೆ ಬೇಕಾದ ಡ್ರೈವರ್ ಬಿಗ್ ಸರ್ ತನಕ ಮ್ಯಾಕ್‌ಓಎಸ್ ಒಳಗೇ ಇತ್ತು. 2021ರಲ್ಲಿ ಮಾಂಟೆರೇ ಬಂದಾಗ ಅದನ್ನ ತೆಗೆದು ಹಾಕಿದ್ರು. ಜಿಟಿಎಕ್ಸ್ 900, 1000 ಸೀರೀಸ್ ಇದ್ದವ್ರ ಕತೆ ಇನ್ನೂ ಮೊದ್ಲೇ ಮುಗಿದಿತ್ತು, ಅವ್ರಿಗೆ ಎನ್‌ವಿಡಿಯಾ ವೆಬ್ ಡ್ರೈವರ್ ಹೈ ಸಿಯೆರಾ 10.13.6ಕ್ಕೇ ಕೊನೆ, ಅದರ ಮುಂದಿನ ಮೊಜಾವೆಗೂ ಬರ್ಲಿಲ್ಲ. ಆರ್‌ಟಿಎಕ್ಸ್ ಅಂತೂ ಯಾವ ಕಾಲಕ್ಕೂ ಇಲ್ಲ. ಇನ್ನು ಸೋನೋಮಾದಲ್ಲಿ, ಅಂದ್ರೆ 2023ರಲ್ಲಿ, ಆ ಹಳೇ ಬ್ರಾಡ್‌ಕಾಮ್ ವೈಫೈ ಡ್ರೈವರ್ರೂ ಹೋಯ್ತು. ಅಂದ್ರೆ ಸಿಕ್ವೊಯಾ ನಮ್ಮ ಪಿಸಿ ಮೇಲೆ ಕೂತಾಗ ಅದಕ್ಕೆ ಗ್ರಾಫಿಕ್ಸ್ ಕಾರ್ಡೂ ಪರಿಚಯ ಇಲ್ಲ, ವೈಫೈ ಕಾರ್ಡೂ ಪರಿಚಯ ಇಲ್ಲ.

ಟೆಕ್ನಿಶಿಯನ್ ಇದಕ್ಕೆ ಮಾಡಿದ್ದು ರೂಟ್ ಪ್ಯಾಚ್. ಓಪನ್‌ಕೋರ್ ಲೆಗಸಿ ಪ್ಯಾಚರ್ ಅಂತ ಒಂದು ಟೂಲ್ ಇದೆ, ಒಳ್ಳೇ ಟೂಲೇ, ಆದ್ರೆ ಅದು ಮಾಡಿರೂದು ಹಳೇ ಅಸಲಿ ಮ್ಯಾಕ್‌ಗಳಿಗೆ, ಹ್ಯಾಕಿಂಟಾಶ್‌ಗೆ ನಾವು ಸಪೋರ್ಟ್ ಕೊಡೂದಿಲ್ಲ ಹೇಳಿ ಅದನ್ನ ಮಾಡಿದವ್ರೇ ಬರೆದಿಟ್ಟಿದಾರೆ. ಅದು ಹಳೇ ಡ್ರೈವರ್‌ಗಳನ್ನ ತಂದು ಸಿಸ್ಟಮ್ ಪಾರ್ಟಿಶನ್ ಒಳಗೇ ತುರುಕ್ತದೆ. ಬಿಗ್ ಸರ್‌ನಿಂದ ಈಚೆ ಆ ಪಾರ್ಟಿಶನ್ನಿಗೆ ಆ್ಯಪಲ್ ಸೀಲ್ ಹಾಕಿರ್ತದೆ, ತುರುಕಬೇಕು ಅಂದ್ರೆ ಸೀಲ್ ಒಡೀಬೇಕು, ಒಡೀಬೇಕು ಅಂದ್ರೆ ಎಸ್‌ಐಪಿ ಅನ್ನೋ ರಕ್ಷಣೆ ಅರ್ಧ ಆಫ್, ಪಿಸಿ ಮೇಲೆ ಮ್ಯಾಕ್ ಬೂಟ್ ಮಾಡ್ಸೋ ಓಪನ್‌ಕೋರ್‌ನಲ್ಲಿ ಸೆಕ್ಯೂರ್ ಬೂಟ್ ಪೂರಾ ಆಫ್. ಇದ್ಯಾವ್ದನ್ನೂ ಅವ ಬಾಯಿಬಿಟ್ಟು ಹೇಳ್ಲಿಲ್ಲ. ನೆಟ್‌ಬ್ಯಾಂಕಿಂಗ್ ಮಾಡೋ ಮಶೀನ್ ಅದು ಮಾರಾಯ್ರೆ, ಕೇಳ್ದೆ ಬೀಗ ತೆಗೆದಿಟ್ಟು ಹೋದ್ರೆ ಎಂತ ಹೇಳೂದು?

ಮೊದಲನೇ ರಗಳೆ ಯುಎಸ್‌ಬಿಯಿಂದ. ಹಿಂದಗಡೆ ಪೋರ್ಟ್‌ಗಳಲ್ಲಿ ಅರ್ಧ ಸತ್ತಿದ್ವು, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ನಡುನಡುವೆ ತನ್ನಷ್ಟಕ್ಕೆ ಬಿಟ್ಟು ಹೋಗೂದು, ಸರಿಯಾಗಿ ಎಜೆಕ್ಟ್ ಮಾಡಿಲ್ಲ ಅಂತ ಬಲಗಡೆ ಮೂಲೇಲಿ ನಮ್ಗೇ ಬೈಗುಳ. ಕಾರಣ ಹುಡುಕ್ತಾ ಹೋದ್ರೆ ಹೀಗಿತ್ತು: ಮ್ಯಾಕ್‌ಓಎಸ್ ಒಂದು ಕಂಟ್ರೋಲರ್‌ಗೆ 15 ಪೋರ್ಟ್ ಮಾತ್ರ ಒಪ್ತದೆ, ಯುಎಸ್‌ಬಿ 3ರ ಒಂದು ಪೋರ್ಟನ್ನ ಎರಡು ಅಂತ ಲೆಕ್ಕ ಹಾಕ್ತದೆ, ಹಂಗಾಗಿ ಯಾವ್ಯಾವ್ದು ಬೇಕು ಅಂತ ನಾವೇ ಒಂದು ಮ್ಯಾಪ್ ಮಾಡಿ ಕೆಕ್ಸ್ಟ್ (ಮ್ಯಾಕ್‌ನ ಡ್ರೈವರ್ ಥರದ ಫೈಲ್) ಆಗಿ ಇಡ್ಬೇಕು. ನಮ್ಮ ಹಳೇ ಮ್ಯಾಪ್ ಐಮ್ಯಾಕ್15,1 ಅನ್ನೋ ಮಾಡೆಲ್ ಹೆಸರಿಗೆ ಕಟ್ಟಿದ್ದು. ಸಿಕ್ವೊಯಾ ಆ ಮಾಡೆಲನ್ನ ಒಪ್ಪೂದಿಲ್ಲ ಅಂತ ಇವ ಮಾಡೆಲ್ ಹೆಸರನ್ನ ಐಮ್ಯಾಕ್19,1 ಅಂತ ಬದಲಿಸ್ದ, ಮ್ಯಾಪ್ ಒಳಗೆ ಮಾತ್ರ ಹಳೇ ಹೆಸರೇ ಇತ್ತು. ಹೆಸರು ತಾಳೆ ಆಗ್ಲಿಲ್ಲ, ಮ್ಯಾಪ್ ಲೋಡೇ ಆಗ್ಲಿಲ್ಲ. ಒಂದು ಸಾಲು ತಿದ್ದಿದ್ರೆ ಸಾಕಿತ್ತು, ಫೋನ್ ಮಾಡಿದ್ರೆ "ಸರ್ ಹಾರ್ಡ್ ಡಿಸ್ಕ್ ಕೇಬಲ್ ಚೇಂಜ್ ಮಾಡಿ ನೋಡಿ" ಅಂದ.

ಎರಡನೇದು ಮೈಕ್. ವಾಯ್ಸ್ ಓವರ್ ರೆಕಾರ್ಡ್ ಮಾಡೂಕೆ ಕೂತ್ರೆ ಆ ಆ್ಯಪ್ ಮೈಕ್ ಪರ್ಮಿಶನ್ ಕೇಳೂದೇ ಇಲ್ಲ, ಕೇಳದಿದ್ರೆ ಕೊಡೂದೆಲ್ಲಿಂದ, ಸೆಟಿಂಗ್ಸ್‌ನಲ್ಲಿ ಆ ಆ್ಯಪಿನ ಹೆಸರೂ ಬರೂದಿಲ್ಲ. ಮೈಕ್ ಬದ್ಲಿಸಿ ನೋಡಿದ್ದಾಯ್ತು, ಸೌಂಡ್ ಕಾರ್ಡು ಬದ್ಲಿಸಿ ನೋಡಿದ್ದಾಯ್ತು. ಕೊನೆಗೆ ನೋಡಿದ್ರೆ ಪ್ಯಾಚ್ ಮಾಡಿದ ಡ್ರೈವರ್ ಲೋಡ್ ಆಗ್ಲಿ ಅಂತ ಬೂಟ್ ಆರ್ಗ್ಯುಮೆಂಟ್‌ನಲ್ಲಿ ಎಎಂಎಫ್‌ಐ ಅನ್ನೋ ರಕ್ಷಣೆಯನ್ನ (ಆ್ಯಪ್, ಡ್ರೈವರ್ ಅಸಲಿಯಾ ಅಂತ ನೋಡೂದು) ಪೂರ್ತಿ ಬಂದ್ ಮಾಡಿಟ್ಟಿದ್ದ. ಅದನ್ನ ಬಂದ್ ಮಾಡಿದ್ರೆ ಎಷ್ಟೋ ಆ್ಯಪ್‌ಗಳಿಗೆ ಮೈಕ್ ಮತ್ತೆ ಕ್ಯಾಮರಾ ಪರ್ಮಿಶನ್ ಕೇಳೋ ಕಿಟಕಿಯೇ ಬರೂದಿಲ್ಲ. ಅದಕ್ಕೇ ಎಎಂಎಫ್‌ಐಪಾಸ್ ಅಂತ ಒಂದು ಕೆಕ್ಸ್ಟ್ ಇದೆ, ಅದನ್ನ ಹಾಕಿದ್ರೆ ಈ ತಾಪತ್ರಯ ಇಲ್ಲ. ಇಷ್ಟೂ ಗೊತ್ತಿಲ್ದೆ ದುಡ್ಡು ತಗೊಂಡು ಇನ್ಸ್ಟಾಲ್ ಮಾಡ್ಕೊಡೋರು ಇದಾರೆ ಅನ್ನೂದು ನೆನಪಿರ್ಲಿ.

ಇವೆರಡನ್ನೂ ಸಹಿಸ್ಕೋಬಹುದಿತ್ತು. ಸಹಿಸೂಕಾಗದ್ದು ಅಪ್ಡೇಟು. ಆಟೋಮ್ಯಾಟಿಕ್ ಅಪ್ಡೇಟನ್ನ ಅವ ಆನ್ ಇಟ್ಟೇ ಹೋಗಿದ್ದ. ಒಂದಿನ ಬೆಳಗ್ಗೆ ಬಂದು ನೋಡಿದ್ರೆ ರಾತ್ರಿ ಒಂದು ಚಿಕ್ಕ ಅಪ್ಡೇಟ್ ತನ್ನಷ್ಟಕ್ಕೇ ಕೂತ್ಕಂಡಿದೆ, ಹೊಸ ಸೀಲ್ ಹಾಕ್ಕೊಂಡು ಬಂದಿದೆ, ತುರುಕಿದ ಡ್ರೈವರ್ ಎಲ್ಲಾ ಮಾಯ. ಕೆಳಗಿನ ಐಕಾನ್ ಪಟ್ಟಿ, ಡಾಕ್, ಕಪ್ಪು ಹಲಗೆ ಥರ, ಕಿಟಕಿ ಎಳೆದ್ರೆ ತುಂಡು ತುಂಡಾಗಿ ಬರ್ತದೆ, ಅಬೌಟ್‌ನಲ್ಲಿ ನೋಡಿದ್ರೆ ಗ್ರಾಫಿಕ್ಸ್ ಮೆಮೊರಿ 7 ಎಂಬಿ. 3 ಜಿಬಿ ಕಾರ್ಡು! ಮತ್ತೆ ಪ್ಯಾಚ್ ಹೊಡೀಬೇಕು ಅಂದ್ರೆ ಆ ಟೂಲ್ ನೆಟ್ಟಿಂದ ಇನ್ನೊಂದಷ್ಟು ಫೈಲ್ ಇಳಿಸ್ಕೋಬೇಕು, ನೆಟ್ ಬೇಕು ಅಂದ್ರೆ ವೈಫೈ ಬೇಕು, ವೈಫೈ ಬೇಕು ಅಂದ್ರೆ ಪ್ಯಾಚ್ ಹೊಡೀಬೇಕು. ಮೇಲಿನ ಕೋಣೆಯಿಂದ ಮೆಟ್ಟಿಲ ಮೇಲೆ ಲ್ಯಾನ್ ಕೇಬಲ್ ಇಳಿಬಿಟ್ಟು ನೆಟ್ ಮಾಡ್ಕಂಡ್ವಿ, ಪ್ಯಾಚ್ ಅರ್ಧಕ್ಕೆ ಬಂದಿತ್ತು, ಕರೆಂಟ್ ಹೋಯ್ತು. ಮಳೆಗಾಲ, ಯುಪಿಎಸ್ ಬ್ಯಾಟರಿ ಮೊದ್ಲೇ ಮುದುಕ, ಎರಡು ಸಲ ಕೂಗಿ ಸುಮ್ಮನಾಯ್ತು. ಕೈಗಾ, ಕದ್ರಾ, ಕೊಡಸಳ್ಳಿ, ಸೂಪಾ ಅಂತ ಕರೆಂಟ್ ಮಾಡೋ ಜಾಗ ಎಲ್ಲಾ ನಮ್ಮ ಜಿಲ್ಲೆಯಲ್ಲೇ ಇದ್ರೂ ಗುಡುಗು ಒಂದು ಸಲ ಸದ್ದು ಮಾಡಿದ್ರೆ ನಮ್ಮನೇಲಿ ಕತ್ತಲೆ, ಇದು ಬೇರೆ ವಿಷ್ಯ ಬಿಡಿ. ಮೊದಲಿಂದ ಶುರು ಮಾಡ್ಬೇಕಾಯ್ತು. ಮತ್ತೆ ಸೀಲ್ ಒಡೆದ ಸಿಸ್ಟಮ್ಮಿಗೆ ಚಿಕ್ಕ ಅಪ್ಡೇಟ್ ಚಿಕ್ಕದಾಗಿ ಬರೂದಿಲ್ಲ, ಪೂರ್ತಿ ಇನ್ಸ್ಟಾಲರ್ರೇ ಇಳೀತದೆ, ಹತ್ತು ಜಿಬಿ ಮೇಲೆ. ಪ್ರತಿ ಸಲ ಇದೇ ಪೂಜೆ.

ಈಗ ಅಸಲು ಪೆಟ್ಟಿನ ವಿಷ್ಯ, ಇದನ್ನ ಎಡಿಟಿಂಗ್ ಮಾಡೋರು ನಿಧಾನ ಓದಿ. ಸಿಕ್ವೊಯಾ ಜೊತೆಗೆ ಅವ ಆ್ಯಪಲ್ಲಿನ ಎಡಿಟಿಂಗ್ ಸಾಫ್ಟ್‌ವೇರ್ ಫೈನಲ್ ಕಟ್ ಪ್ರೊ 11 ಕೂಡ ಹಾಕಿದ್ದ, ಬಿಗ್ ಸರ್ ಮೇಲೆ ನಮ್ಮದು 10.6 ಸೀರೀಸು. ಸಿದ್ದಾಪುರ ಕಡೆ ಇಡೀ ರಾತ್ರಿ ಆಟ, ಮೂರು ಕ್ಯಾಮರಾ, ಭಾಗವತ್ರ ಮೈಕು ಬೇರೆ ಟ್ರ್ಯಾಕು, ಚಂಡೆ ಮದ್ದಲೆ ಬೇರೆ, ಎಲ್ಲಾ ಸಿಂಕ್ ಮಾಡಿ ಬೆಳಗಿನ ಜಾವದ ಪ್ರಸಂಗದ ತನಕ ಕಟ್ ಆಗಿತ್ತು. ಹೊಸ ಫೈನಲ್ ಕಟ್‌ನಲ್ಲಿ ಆ ಲೈಬ್ರರಿ (ಕಟ್ ಮಾಡಿದ ಕೆಲ್ಸ ಎಲ್ಲಾ ಇರೋ ಫೈಲ್) ತೆಗೆದ್ರೆ ಅಪ್ಡೇಟ್ ಮಾಡ್ಬೇಕಾ ಅಂತ ಕೇಳ್ತದೆ, ಹೂಂ ಅನ್ನದೆ ಒಳಗೆ ಬಿಡೂದಿಲ್ಲ. ಒಮ್ಮೆ ಹೂಂ ಅಂದ್ರೆ ಆ ಲೈಬ್ರರಿ ಹಳೇ ವರ್ಷನ್ನಲ್ಲಿ ಮತ್ತೆ ತೆರೆಯೂದಿಲ್ಲ. ಬಾಗಿಲು ಒಂದೇ ಕಡೆ. ಟೆಕ್ನಿಶಿಯನ್ ಟೆಸ್ಟ್ ಮಾಡಿ ತೋರಿಸ್ತೆ ಹೇಳಿ ನಮ್ಮ ಅದೇ ಲೈಬ್ರರಿಯನ್ನ ತೆಗೆದು ಹೂಂ ಒತ್ತಿಟ್ಟಿದ್ದ. ಓಪನ್ ಆಯ್ತು, ಕ್ಲಿಪ್ ಕಂಡ್ತು, "ನೋಡಿ ಸರ್ ಫುಲ್ ವರ್ಕಿಂಗ್". ಕಲರ್ ಹಾಕಿದ ಕ್ಲಿಪ್ ಮೇಲೆ ಪ್ರಿವ್ಯೂ ಕಪ್ಪು ಆಗೂದು, ಎಕ್ಸ್‌ಪೋರ್ಟ್ ಮುಕ್ಕಾಲು ಭಾಗಕ್ಕೆ ಹೋಗಿ ಸಾಯೂದು, ಇದೆಲ್ಲ ಅವ ಹೋದ್ಮೇಲೆ. ಮುಂದೆ ಹೋದ್ರೆ ಎಕ್ಸ್‌ಪೋರ್ಟ್ ಇಲ್ಲ, ಹಿಂದೆ ಹೋದ್ರೆ ಲೈಬ್ರರಿ ತೆರೆಯೂದಿಲ್ಲ, ಮೇಳದವ್ರು ದಿನಾ ಫೋನು.

ನಗು ಬರೋ ವಿಷ್ಯ ಎಂತ ಗೊತ್ತಾ, ಅವ ಫೈನಲ್ ಕಟ್ 11ನ್ನ ಮಾರಿದ್ದೇ ಎರಡು ಮಾತು ಹೇಳಿ. ಒಂದು, ಮ್ಯಾಗ್ನೆಟಿಕ್ ಮಾಸ್ಕ್, ವೇಷಧಾರಿಯನ್ನ ಹಿನ್ನೆಲೆಯಿಂದ ಬೇರೆ ಮಾಡ್ಬಹುದು. ಇನ್ನೊಂದು, ಮಾತಿಂದ ತನ್ನಷ್ಟಕ್ಕೆ ಕ್ಯಾಪ್ಶನ್ ಬರ್ತದೆ. ಎರಡೂ ಆ್ಯಪಲ್ ಸಿಲಿಕಾನ್ ಚಿಪ್ (ಎಂ1 ಥರದ ಆ್ಯಪಲ್ಲಿನದೇ ಚಿಪ್) ಇದ್ರೆ ಮಾತ್ರ. ಇಂಟೆಲ್ ಮೇಲೆ, ಅಸಲಿ ಇಂಟೆಲ್ ಮ್ಯಾಕ್ ಮೇಲೂ, ಅವು ಇಲ್ಲವೇ ಇಲ್ಲ. ಕ್ಯಾಪ್ಶನ್ ಅಂತೂ ಇಂಗ್ಲಿಷ್ ಮಾತಿಗೆ ಮಾಡಿದ್ದು, ಭಾಗವತ್ರ ಪದ್ಯಕ್ಕೆ ಅದು ಎಂತ ಬರೀತಿತ್ತೋ ನೋಡೋ ಆಸೆ ಇತ್ತು, ಅದೂ ಆಗ್ಲಿಲ್ಲ.

ಲೈಬ್ರರಿ ಉಳಿದಿದ್ದು ಹೇಗೆ ಅಂದ್ರೆ, ಇದೇ ಸ್ಥಿತೀಲಿ ಇದ್ದವ್ರು ಕೂಡ್ಲೇ ಮಾಡಿ: ಹೋಮ್ ಫೋಲ್ಡರ್ ಒಳಗೆ ಮೂವೀಸ್, ಅದರೊಳಗೆ ಫೈನಲ್ ಕಟ್ ಬ್ಯಾಕಪ್ಸ್ ಅಂತ ಫೋಲ್ಡರ್ ಇರ್ತದೆ. ಕೆಲ್ಸ ಮಾಡ್ತಾ ಇದ್ದ ಹಾಗೇ ಅದು ಅಲ್ಲಿ ತಾರೀಕು, ಹೊತ್ತಿನ ಜೊತೆ ಲೈಬ್ರರಿಯ ಪ್ರತಿ ಇಡ್ತಾ ಹೋಗ್ತದೆ. ಅದ್ರಲ್ಲಿ ವಿಡಿಯೋ ಇರೂದಿಲ್ಲ, ಕಟ್ಟಿಂಗ್ ಲೆಕ್ಕ ಮಾತ್ರ. ವಿಡಿಯೋ ಹೇಗೂ ಎಕ್ಸ್‌ಟರ್ನಲ್ ಡಿಸ್ಕ್‌ನಲ್ಲಿತ್ತು. ಸಿಕ್ವೊಯಾ ಹಾಕೂದಕ್ಕಿಂತ ಮುಂಚಿನ ತಾರೀಕಿನ ಬ್ಯಾಕಪ್ ಪೆನ್‌ಡ್ರೈವಿಗೆ ತಗಂಡು, ಬೇರೆ ಹೊಸ ಎಸ್‌ಎಸ್‌ಡಿ ತಂದು ಅದ್ರ ಮೇಲೆ ಬಿಗ್ ಸರ್ ಹಾಕಿ, ಹಳೇ ಇಎಫ್‌ಐ ಫೋಲ್ಡರ್ (ಬೂಟ್ ಸೆಟಿಂಗ್ ಎಲ್ಲಾ ಇರೂದು) ಮೇಲ್‌ನಲ್ಲಿ ಇತ್ತು ಪುಣ್ಯಕ್ಕೆ, ಅದನ್ನ ಹಾಕಿ, ಹಳೇ ಫೈನಲ್ ಕಟ್‌ನಲ್ಲಿ ಓಪನ್ ಲೈಬ್ರರಿ, ಫ್ರಮ್ ಬ್ಯಾಕಪ್. ಬಂತು. ಸಿಕ್ವೊಯಾ ಮೇಲೆ ಮಾಡಿದ ಕೆಲ್ಸ ಮಾತ್ರ ಹೋಯ್ತು, ಅದನ್ನ ಮತ್ತೆ ಕೂತು ಮಾಡಿದ್ದಾಯ್ತು. ಬಿಗ್ ಸರ್ ಹಾಕೂಕೆ ಹಳೇ ಎಸ್‌ಎಸ್‌ಡಿ ಯಾಕೆ ಬಳಸ್ಲಿಲ್ಲ ಅಂದ್ರೆ, ಅದ್ರಲ್ಲಿರೋ ಸಿಕ್ವೊಯಾವನ್ನ ಅಳಿಸ್ದೇ ಅದೇ ಜಾಗದಲ್ಲಿ ಹಿಂದಿನ ಓಎಸ್‌ಗೆ ಹೋಗೂಕೆ ಬರೂದಿಲ್ಲ, ಅಷ್ಟು ಧೈರ್ಯ ಆಗ ಇರ್ಲಿಲ್ಲ. ಅವನೇ ಮೊದ್ಲು ಹೊಸ ಎಸ್‌ಎಸ್‌ಡಿ ಮೇಲೆ ಸಿಕ್ವೊಯಾ ಹಾಕಿದ್ರೆ ಈ ಬರಹನೇ ಬೇಡ್ವಾಗಿತ್ತು.

ದುಡ್ಡು ವಾಪಸ್ ಕೇಳಿದ್ವಿ. ಬಿಲ್ ಎಲ್ಲಿದೆ ಸರ್ ಅಂದ. ಬಿಲ್ ಅವ ಕೊಟ್ಟೇ ಇರ್ಲಿಲ್ಲ, ಕೊಡೂದೂ ಇಲ್ಲ. ಆ್ಯಪಲ್ ಲೈಸೆನ್ಸ್ ಪ್ರಕಾರ ಮ್ಯಾಕ್‌ಓಎಸ್ ಹಾಕೂದು ಆ್ಯಪಲ್ ಮಶೀನ್ ಮೇಲೆ ಮಾತ್ರ, 2008ರಲ್ಲಿ ಅಮೆರಿಕದಲ್ಲಿ ಸೈಸ್ಟಾರ್ ಅನ್ನೋ ಕಂಪನಿ ಇದನ್ನೇ ವ್ಯಾಪಾರ ಮಾಡೂಕೆ ಹೋಗಿ 2009ರಲ್ಲಿ ಕೋರ್ಟಲ್ಲಿ ಸೋತಿತ್ತು. ಹಂಗಾಗಿ ಇದ್ರಲ್ಲಿ ದುಡ್ಡು ಹೋದ್ರೆ ಎಲ್ಲಿ ಹೋಗಿ ದೂರು ಕೊಡ್ತೀರಿ ನೀವೇ ಹೇಳಿ.

ಎಲ್ಲಾರ ಮಶೀನೂ ಹೀಗೇ ಆಗ್ತದೆ ಅಂತ ನಾನು ಹೇಳ್ತಾ ಇಲ್ಲ. ಕಾರವಾರದ ದೋಸ್ತನ ಹತ್ರ ಅದೇ ಹ್ಯಾಸ್ವೆಲ್ ಇದೆ, ಕಾರ್ಡು ಮಾತ್ರ ಆರ್‌ಎಕ್ಸ್ 580. ಅದಕ್ಕೆ ಸಿಕ್ವೊಯಾ ತನಕ ಡ್ರೈವರ್ ಒಳಗೇ ಇದೆ, ಗ್ರಾಫಿಕ್ಸಿಗೆ ರೂಟ್ ಪ್ಯಾಚ್ ಬೇಡ, ವೈಫೈ ಬಿಟ್ಟು ಕೇಬಲ್ ಹಾಕ್ಕೊಂಡಿದಾನೆ, ಆರಾಮಿದಾನೆ. ಅವ್ನ ತಲೆನೋವು ಸಮುದ್ರದ ಉಪ್ಪು ಗಾಳಿ, ವರ್ಷಕ್ಕೊಂದ್ಸಲ ರ್‍ಯಾಮ್ ತೆಗೆದು ಕಾಲು ಉಜ್ಜದಿದ್ರೆ ಪಿಸಿ ಆನೇ ಆಗೂದಿಲ್ಲ. ಆದ್ರೆ ಇದೇ 580ನ್ನ ಮೂರನೇ ಜನರೇಶನ್ ಪ್ರೊಸೆಸರ್ ಮೇಲೆ ಹಾಕಿದ್ರೆ ವೆಂಚುರಾದಿಂದ ಮೇಲೆ ಮತ್ತೆ ಪ್ಯಾಚೇ ಗತಿ, ಯಾಕಂದ್ರೆ ಡ್ರೈವರ್ರಿಗೆ ಪ್ರೊಸೆಸರ್ ಒಳಗೆ ಎವಿಎಕ್ಸ್2 ಅನ್ನೋ ಸೌಲಭ್ಯ ಬೇಕು, ಆ ಮೂರನೇ ಜನರೇಶನ್ ಐವಿ ಬ್ರಿಡ್ಜ್‌ನಲ್ಲಿ ಅದಿಲ್ಲ. "ನನ್ ಫ್ರೆಂಡಿಗೆ ಆಯ್ತು" ಅನ್ನೂದಕ್ಕೆ ಇದ್ರಲ್ಲಿ ಬೆಲೆ ಇಲ್ಲ.

ಕ್ರೋಮ್ ಅಪ್ಡೇಟ್ ಆಗ್ತಿಲ್ಲ ಅಂತ ಓಎಸ್ ಬದ್ಲಿಸೂಕೆ ಹೊರಟೋರೂ ಇದೀರಿ. ಬಿಗ್ ಸರ್‌ಗೆ ಕ್ರೋಮ್ 138 ಕೊನೆ ಹೌದು, ಫೈರ್‌ಫಾಕ್ಸ್ ಹಾಕ್ಕೊಳ್ಳಿ, ಬ್ಯಾಂಕಿನ ಕೆಲ್ಸ ಫೋನಲ್ಲಿ ಮಾಡಿ, ಆ ಪಿಸಿಯನ್ನ ಎಡಿಟಿಂಗಿಗೆ ಮಾತ್ರ ಇಟ್ಕೊಳ್ಳಿ. ನಾವೀಗ ಹಾಗೇ ಮಾಡ್ತಿರೂದು. ಹೊಸ ಫೈನಲ್ ಕಟ್ ಬೇಕೇ ಬೇಕು ಅನ್ನೋರು ಈ ಪಿಸಿಗೆ ಸುರಿಯೋ ದುಡ್ಡನ್ನ ಸೆಕೆಂಡ್ ಹ್ಯಾಂಡ್ ಎಂ1 ಮ್ಯಾಕ್ ಮಿನಿಗೆ ಹಾಕಿ, ನಾವೂ ಒಂದು ಹುಡುಕ್ತಾ ಇದೇವೆ, ಯಾರ ಹತ್ರ ಆದ್ರೂ 16 ಜಿಬಿದು ಇದ್ರೆ ತಿಳಿಸಿ. ಮತ್ತೆ ಆ ಟೆಕ್ನಿಶಿಯನ್ ವಾಟ್ಸಾಪ್ ಸ್ಟೇಟಸಲ್ಲಿ ಈಗ ಟಾಹೋ (ಸಿಕ್ವೊಯಾ ನಂತರದ ಮ್ಯಾಕ್‌ಓಎಸ್) ಹಾಕ್ಕೊಡ್ತೆ ಅಂತ ಫೋಟೋ ಬಿಟ್ಟಿದಾನೆ. ಇಂಟೆಲ್‌ಗೆ ಅದೇ ಕೊನೇ ಮ್ಯಾಕ್‌ಓಎಸ್ ಅಂತ ಆ್ಯಪಲ್ 2025ರಲ್ಲೇ ಹೇಳಿ ಆಗಿದೆ, ಅಸಲಿ ಇಂಟೆಲ್ ಮ್ಯಾಕ್‌ಗಳಲ್ಲೂ ನಾಲ್ಕೇ ಮಾಡೆಲ್ಲಿಗೆ ಬಂದಿದ್ದು, ಮೇಲಿಂದ ಅದ್ರಲ್ಲಿ ಹಳೇ ಆ್ಯಪಲ್‌ಎಚ್‌ಡಿಎ ಸೌಂಡ್ ಡ್ರೈವರ್ರನ್ನೂ ತೆಗೆದಿದಾರೆ, ಅಂದ್ರೆ ಬೋರ್ಡಿನ ಆಡಿಯೋ ಜ್ಯಾಕಿಂದ ಸದ್ದು ಬರ್ಬೇಕಾದ್ರೂ ಹೆಚ್ಚಾಗಿ ಸೀಲ್ ಒಡೀಬೇಕು. ಅವ ನಿಮ್ಮಲ್ಲಿಗೆ ಬಂದ್ರೆ ಬೂಟ್ ಆಗೂದನ್ನ ನೋಡಿ ದುಡ್ಡು ಕೊಡ್ಬೇಡಿ, ನಿಮ್ಮ ಡಿಸ್ಕ್ ಮುಟ್ಟೂಕೂ ಬಿಡ್ಬೇಡಿ, ಬೇರೆ ಎಸ್‌ಎಸ್‌ಡಿ ಕೊಟ್ಟು ಅದ್ರ ಮೇಲೆ ಹಾಕು ಅನ್ನಿ, ಅವನ ಎದ್ರಿಗೇ ಒಂದು ಅಪ್ಡೇಟ್ ಹೊಡೆಸಿ, ಲೈಬ್ರರಿಯ ಕಾಪಿಯಿಂದ ಒಂದು ಗಂಟೆ ವಿಡಿಯೋ ಎಕ್ಸ್‌ಪೋರ್ಟ್‌ಗೆ ಹಾಕಿ ಮುಗಿಯೂ ತನಕ ಅಲ್ಲೇ ಕೂರ್ಸಿ. ಬೇಕಾದ್ರೆ ಊಟನೂ ಹಾಕಿ.