ರಿಪೇರಿ ಅಂಗಡಿಯಲ್ಲಿ ಲಾಕ್ ನಂಬರ್ ಬರೆದುಕೊಡಬೇಡಿ, ನಾನು ಕೊಟ್ಟು ಕೂತಿದ್ದೇನೆ

18,400 ರೂಪಾಯಿ ಹೋಯಿತು. ಬರೆಯೋಕೆ ನಾಚಿಕೆ ಆಗ್ತಿದೆ, ಆದರೂ ಬರೀತೀನಿ. ನಾನು ಕಲಬುರಗಿ ಗಂಜ್‌ನಲ್ಲಿ, ಅಂದರೆ ಕಾಳುಕಡಿ ಮಾರುಕಟ್ಟೆಯಲ್ಲಿ, ಅಡತ್ (ದಲ್ಲಾಳಿ) ಅಂಗಡಿಯೊಂದರಲ್ಲಿ ಲೆಕ್ಕ ಬರೆಯುವವನು. ತೊಗರಿ ಪಟ್ಟಿಯಲ್ಲಿ ಹತ್ತು ರೂಪಾಯಿ ತಾಳೆಯಾಗದಿದ್ದರೆ ಮನೆಗೆ ಹೋಗಲ್ಲ. ಅಂಥವನು ನನ್ನ ಫೋನಿನ ಲಾಕ್ ನಂಬರನ್ನು ನನ್ನ ಕೈಯಾರೆ ಚೀಟಿಯಲ್ಲಿ ಬರೆದು ಕೊಟ್ಟು ಬಂದೆ.

ಕಳೆದ ಗುರುವಾರದ ಮಾತು. ಪವರ್ ಬಟನ್ ಒಳಗೆ ಸಿಕ್ಕಿಕೊಳ್ಳುತ್ತಿತ್ತು. ಮಧ್ಯಾಹ್ನ ಊಟಕ್ಕೆ ಬಿಟ್ಟಾಗ ಸೂಪರ್ ಮಾರ್ಕೆಟ್ ಕಡೆಯ ಒಂದು ಅಂಗಡಿಗೆ ಹೋದೆ. ಹೆಸರು ಹಾಕಲ್ಲ, ಕೇಳಬೇಡಿ. 650 ರೂಪಾಯಿ, ಸಂಜೆ ಆರಕ್ಕೆ ಬನ್ನಿ ಅಂದರು. ಸರಿ ಅಂತ ತಿರುಗುವಾಗ ಹುಡುಗ ಕರೆದ. "ಅಣ್ಣಾ, ಲಾಕ್ ನಂಬರ್ ಬರೀರಿ. ಟೆಸ್ಟ್ ಮಾಡ್ಬೇಕಲ್ರಿ."

ನಾನು ಒಂದು ಕ್ಷಣ ನಿಂತೆ. ನಿಜವಾಗ್ಲೂ ನಿಂತೆ. ಮಾಲೀಕ ನನ್ನ ಮುಖ ನೋಡಿ ಗಾಜಿನ ಕೌಂಟರ್ ಒಳಗೆ ಕೈ ತೋರಿಸಿದ. ಏಳೆಂಟು ಫೋನ್ ಸಾಲಾಗಿ ಮಲಗಿದ್ದವು. ಪ್ರತಿಯೊಂದರ ಬೆನ್ನಿಗೂ ಚೀಟಿ, ಚೀಟಿ ಮೇಲೆ ನಂಬರ್. ಒಂದರ ಮೇಲಂತೂ ಒಂಬತ್ತು ಚುಕ್ಕಿ ಹಾಕಿ ಪ್ಯಾಟರ್ನ್ ಗೆರೆ ಎಳೆದಿದ್ದರು, ಎಲ್ಲಿಂದ ಶುರು ಅಂತ ಬಾಣದ ಗುರುತು ಬೇರೆ. "ಎಲ್ಲಾರೂ ಕೊಡ್ತಾರ್ರಿ. ನಿಮ್ಮ ಫೋನ್ ಇಟ್ಕೊಂಡು ನಾವೇನ್ ಮಾಡೂದೈತಿ?" ಅಂದ. ಎಲ್ಲಾರೂ ಕೊಡ್ತಾರೆ! ಆ ಒಂದು ಮಾತಿಗೆ ನಾನು ಬಿದ್ದೆ. ನಾನೊಬ್ಬನೇ ಅನುಮಾನ ಪಟ್ಟರೆ ಏನಂದುಕೊಳ್ಳುತ್ತಾರೋ ಅಂತ ನಾಲ್ಕು ಅಂಕಿ ಬರೆದೆ. ಹುಡುಗ ಸೆಲೋ ಟೇಪ್ ಹಲ್ಲಿನಿಂದ ಕಡಿದು ಚೀಟಿಯನ್ನು ಫೋನಿನ ಬೆನ್ನಿಗೆ ಅಂಟಿಸಿದ. ಸಿಮ್ ತೆಗೀರಿ ಅಂತ ಅವರು ಹೇಳಲಿಲ್ಲ. ನನಗೂ ಹೊಳೆಯಲಿಲ್ಲ.

ಇನ್ನೂ ದೊಡ್ಡ ಮುಠ್ಠಾಳತನ ಕೇಳಿ. ಆ ನಾಲ್ಕು ಅಂಕಿ ನನ್ನ ಬೈಕಿನ ನಂಬರ್. ಫೋನ್ ಲಾಕೂ ಅದೇ, ಯುಪಿಐ ಪಿನ್ನೂ ಅದೇ. ಕೆಎ 32 ಪ್ಲೇಟಿನ ಬೈಕು ಆ ಅಂಗಡಿ ಮುಂದೆಯೇ ನಿಂತಿತ್ತು. ಚೀಟಿ ಬರೆಯದೇ ಇದ್ದರೂ ಬಾಗಿಲಲ್ಲಿ ಬೋರ್ಡ್ ಹಾಕಿದ ಹಾಗೇ ಇತ್ತು, ಅಲ್ವಾ?

ಆಮೇಲೆ ನಡೆದದ್ದು ನನಗೆ ಆಗ ಗೊತ್ತೇ ಆಗಲಿಲ್ಲ. ನನ್ನ ಫೋನಿನಲ್ಲಿ ಪವರ್ ಬಟನ್ ಐದು ಸಲ ಬೇಗ ಬೇಗ ಒತ್ತಿದರೆ ಎಮರ್ಜೆನ್ಸಿ ಮೆಸೇಜ್ ಹೋಗುತ್ತದೆ. ಅಳಿಯ ಹಾಕಿಕೊಟ್ಟಿದ್ದು. ಎಮರ್ಜೆನ್ಸಿ ನಂಬರ್ ಅಂತ ಸೇಡಂನ ನಮ್ಮ ಅಕ್ಕನದು ಇತ್ತು. ಹುಡುಗ ಹೊಸ ಬಟನ್ ಹಾಕಿ ಟಕ ಟಕ ಒತ್ತಿ ನೋಡಿದ್ದಾನೆ. 3:52ಕ್ಕೆ ಅಕ್ಕನಿಗೆ ಮೆಸೇಜ್, ನಾನು ಅಪಾಯದಲ್ಲಿದ್ದೇನೆ ಅಂತ, ಜೊತೆಗೆ ಮ್ಯಾಪಿನ ಲಿಂಕ್. ಅಕ್ಕ ಫೋನ್ ಮಾಡಿದಳು. ಕಟ್. ಮತ್ತೆ ಮಾಡಿದಳು. ಮತ್ತೆ ಕಟ್. ಹನ್ನೊಂದು ಮಿಸ್ಡ್ ಕಾಲ್. ಎತ್ತಿ "ಫೋನ್ ರಿಪೇರಿಗೆ ಬಂದೈತ್ರಿ" ಅನ್ನೋದಕ್ಕೆ ಎಷ್ಟು ಹೊತ್ತು ಬೇಕು? ಭಾವ ಆ ಬಿಸಿಲಲ್ಲೇ ಬೈಕ್ ಹತ್ತಿ ಸೇಡಂನಿಂದ ಹೊರಟಿದ್ದಾರೆ. ಅಕ್ಕ ನನ್ನ ಹೆಂಡತಿಗೆ ಹೇಳಿ, ಹೆಂಡತಿ ಅವ್ವನಿಗೆ ಹೇಳಿ, ಓಣಿಯೆಲ್ಲ ಸೇರಿದೆ.

ನಾನು ಅಡತ್‌ನಲ್ಲಿ ಆರಾಮಾಗಿ ಚಹಾ ಕುಡೀತಿದ್ದೆ. ತಡ ಆಗುತ್ತೆ ಅಂತ ಹೇಳೋಣ ಅಂತ ಸಾವುಕಾರರ ಫೋನ್ ಈಸಿಕೊಂಡೆ. ಕೈಯಲ್ಲಿ ಫೋನ್ ಇದೆ, ಹೆಂಡತಿ ನಂಬರ್ ಬಾಯಿಗೆ ಬರ್ತಿಲ್ಲ. ಅಕ್ಕನದೂ ಇಲ್ಲ. ಹದಿನೆಂಟು ವರ್ಷದ ಸಂಸಾರ, ಮೊದಲ ಎರಡು ಅಂಕಿ ಬಿಟ್ಟು ಮುಂದೆ ಗೊತ್ತಿಲ್ಲ. ಸುಮ್ನೆ ವಾಪಸ್ ಕೊಟ್ಟೆ.

ಸಂಜೆ ಫೋನ್ ತೆಗೆದುಕೊಂಡು ಮನೆ ಮುಟ್ಟಿದಾಗ ಭಾವ ಬಾಗಿಲಲ್ಲೇ ಬೈದರು, ಅವ್ವ ಅತ್ತಳು. ಆ ಗದ್ದಲದಲ್ಲಿ ಫೋನಿನಲ್ಲಿ ಬೇರೆ ಏನಾಗಿದೆ ಅಂತ ಯಾರು ನೋಡ್ತಾರೆ? ಶನಿವಾರ ಬೆಳಿಗ್ಗೆ ಅವ್ವನ ಬಿಪಿ ಗುಳಿಗೆ ತರಲು ಮೆಡಿಕಲ್‌ಗೆ ಹೋದೆ. 240 ರೂಪಾಯಿ. ಸ್ಕ್ಯಾನ್ ಮಾಡಿದರೆ ಬ್ಯಾಲೆನ್ಸ್ ಇಲ್ಲ ಅಂತು. ನೆಟ್‌ವರ್ಕ್ ಇರಬೇಕು ಅಂತ ಮತ್ತೆ ಮಾಡಿದೆ. ಹಿಂದೆ ಜನ ನಿಂತಿದ್ದರು. ಹಿಸ್ಟರಿ ತೆಗೆದೆ. ಗುರುವಾರ 4:10ಕ್ಕೆ 9,500. 4:12ಕ್ಕೆ 8,900. ಯಾವುದೋ ಗುರುತಿಲ್ಲದ ಹೆಸರು. ಬ್ಯಾಂಕಿನ ಮೆಸೇಜ್ ಎರಡನ್ನೂ ಅಳಿಸಿದ್ದರು. ಅಂದರೆ ನಮ್ಮಕ್ಕ ಅಲ್ಲಿ ಅಳುತ್ತಾ ಫೋನ್ ಮಾಡ್ತಿದ್ದಾಗಲೇ ಇಲ್ಲಿ ಯಾವನೋ ಅವಳ ಕಾಲ್ ಕಟ್ ಮಾಡಿ ನನ್ನ ಪಿನ್ ಒತ್ತುತ್ತಿದ್ದ. ಇದನ್ನ ನೆನೆಸಿಕೊಂಡರೆ ಈಗಲೂ ಮೈ ಉರಿಯುತ್ತದೆ.

ನೇರ ಅಂಗಡಿಗೆ ಹೋದೆ. ಮಾಲೀಕ ಮೊದಲು ನಕ್ಕ. "ನಮ್ಮಲ್ಲಿ ಹಂಗೆಲ್ಲ ಆಗಲ್ರಿ." ಹಿಸ್ಟರಿ ತೋರಿಸಿದೆ. "ಹುಡುಗ ಊರಿಗೆ ಹೋಗ್ಯಾನ್ರಿ, ಸೋಮವಾರ ಬರ್ತಾನ, ಕೇಳೂಣು." ಕ್ಯಾಮೆರಾ ತೋರಿಸಿ ಅಂದೆ. "ಅದು ಬಂದ್ ಐತ್ರಿ." ದನಿ ಏರಿಸಿದೆ. ಆಗ ಅವನು ಹೇಳಿದ ಮಾತು ಇದು: "ಚೀಟಿ ಮ್ಯಾಲ ಇರೂದು ನಿಮ್ಮ ಅಕ್ಷರ ಅಲ್ಲೇನ್ರಿ? ನಂಬರ್ ನೀವ ಕೊಟ್ಟೀರಿ. ನಾವು ಕಸಗೊಂಡೀವೇನು?"

ಉತ್ತರ ಇರಲಿಲ್ಲ ನನ್ನ ಹತ್ತಿರ. ಚೀಟಿ ಇನ್ನೂ ಫೋನಿನ ಬೆನ್ನಿಗೇ ಇತ್ತು, ಟೇಪ್ ಅಂಚಿಗೆ ಧೂಳು ಹಿಡಿದು.

ಇಲ್ಲೇ ನಾನು ಇನ್ನೊಂದು ತಪ್ಪು ಮಾಡಿದೆ. ಸೋಮವಾರ ಬರ್ತಾನೆ ಅಂದನಲ್ಲ, ಎರಡು ದಿನ ಕಾದೆ. ಹುಡುಗ ಬರಲಿಲ್ಲ. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿದೆ. ಯುಟಿಆರ್ ನಂಬರ್ (ದುಡ್ಡು ಹೋದ ಪ್ರತಿ ವ್ಯವಹಾರದ ಗುರುತಿನ ಸಂಖ್ಯೆ) ತೆಗೆದುಕೊಂಡು ದೂರು ಬರೆದುಕೊಂಡರು, ಎರಡು ದಿನ ಏನು ಮಾಡ್ತಿದ್ರಿ ಅಂತ ಕೇಳಿದರು. ದುಡ್ಡು ಇನ್ನೂ ಆ ಖಾತೆಯಲ್ಲೇ ಇದ್ದರೆ ತಡೆಹಿಡಿಯಬಹುದಂತೆ, ಡ್ರಾ ಆಗಿಹೋದರೆ ಕಷ್ಟ. ಬ್ಯಾಂಕಿನಲ್ಲಿ ಇನ್ನೂ ಸ್ಪಷ್ಟವಾಗಿ ಹೇಳಿದರು. ಪಿನ್ ನೀವೇ ಕೊಟ್ಟಿದ್ದರೆ, ನಮಗೆ ತಿಳಿಸುವ ತನಕ ಆದ ನಷ್ಟ ಪೂರ್ತಿ ನಿಮ್ಮದು, ರಿಸರ್ವ್ ಬ್ಯಾಂಕಿನ ನಿಯಮವೇ ಹಾಗಿದೆ ಅಂತ. ತಿಳಿಸಿದ ಮೇಲೆ ಹೋದರೆ ಮಾತ್ರ ಬ್ಯಾಂಕಿನ ಹೊಣೆ. ಲಾಕ್ ನಂಬರ್ ಕೊಟ್ಟಿದ್ದು, ಪಿನ್ ಅಲ್ಲ ಅಂತ ವಾದ ಮಾಡಿದೆ. ಎರಡೂ ಒಂದೇ ಅಲ್ವಾ ಅಂದರು. ಹೌದು, ಒಂದೇ.

ಅದಕ್ಕೇ ಹೇಳ್ತಿದ್ದೀನಿ. ಸಿಮ್ ತೆಗೆದು ಜೇಬಿಗೆ ಹಾಕಿಕೊಳ್ಳಿ. ಪೇಮೆಂಟ್ ಆ್ಯಪ್ ತೆಗೆದುಹಾಕಿ ಕೊಡಿ. ನಂಬರ್ ಕೇಳಿದರೆ ನನ್ನೆದುರೇ ಮಾಡಿ, ನಾನೇ ಒತ್ತುತ್ತೀನಿ ಅನ್ನಿ, ಮುಖ ಸಿಂಡರಿಸಿದರೆ ಸಿಂಡರಿಸಲಿ. ಕೆಲವು ಸ್ಯಾಮ್‌ಸಂಗ್ ಫೋನ್‌ಗಳಲ್ಲಿ ಮೇಂಟೆನೆನ್ಸ್ ಮೋಡ್ ಅಂತ ಇರುತ್ತದೆ, ಹಾಕಿದರೆ ನಮ್ಮ ಫೋಟೋ, ಮೆಸೇಜ್, ಆ್ಯಪ್ ಯಾವುದೂ ಅವರಿಗೆ ಕಾಣಲ್ಲ. ನನ್ನ ಫೋನಿನಲ್ಲೇ ಇತ್ತು. ದುಡ್ಡು ಹೋದ ಮೇಲೆ ಅಳಿಯ ತೋರಿಸಿದ, ಮೊದಲೇ ಯಾಕೆ ಹೇಳಲಿಲ್ಲ ಅಂತ ಅವನ ಮೇಲೂ ರೇಗಿದೆ. ಎಮರ್ಜೆನ್ಸಿ ನಂಬರ್ ಅಂತ ಯಾರದನ್ನು ಇಟ್ಟಿದ್ದೀರೋ ಅವರಿಗೆ ಫೋನ್ ರಿಪೇರಿಗೆ ಕೊಡ್ತಿದ್ದೀನಿ ಅಂತ ಒಂದು ಮಾತು ಹೇಳಿಬಿಡಿ. ಒಂದೆರಡು ನಂಬರ್ ಬಾಯಿಪಾಠ ಮಾಡಿ. ದುಡ್ಡು ಹೋದರೆ ಅಂಗಡಿಯವನ ಜೊತೆ ಜಗಳ ಆಮೇಲೆ, ಮೊದಲು 1930.

ನಿನ್ನೆ ಮತ್ತೆ ಹೋಗಿದ್ದೆ. ಹುಡುಗ ಕೆಲಸ ಬಿಟ್ಟನಂತೆ, ನಂಬರ್ ಸ್ವಿಚ್ ಆಫ್ ಅಂತೆ. ಅವನ ಜಾಗದಲ್ಲಿ ಹೊಸ ಹುಡುಗ ಕೂತಿದ್ದ, ಹಲ್ಲಿನಿಂದ ಟೇಪ್ ಕಡಿಯುತ್ತಾ. ಮಾಲೀಕ ಚಹಾ ತರಿಸಿದ, ನಾನು ಮುಟ್ಟಲಿಲ್ಲ. ಹೊರಡುವಾಗ ಹಿಂದಿನಿಂದ ಕೂಗಿ ಹೇಳಿದ: "ಸಿಟ್ಟಾಗಬ್ಯಾಡ್ರಿ ಅಣ್ಣಾ, ಸ್ಕ್ರೀನ್ ಗಾರ್ಡ್ ಒಂದು ಫ್ರೀ ಹಾಕಿಕೊಡ್ತೀನಿ."