ಆನ್‌ಲೈನ್ ಹರಾಜಿನಲ್ಲಿ ಪ್ರಿಂಟ್ ಮರುಮಾರಾಟ: ಬಿಡ್ ಚೆನ್ನಾಗಿ ಬರುತ್ತದೆ, ಕಾಪಿರೈಟ್ ದೂರು ಬಂದರೆ ಕಷ್ಟ

ಹಲವು ವರ್ಷಗಳಿಂದ ಒಂದೇ ಹರಾಜು ತಾಣದಲ್ಲಿ ಚಿತ್ರಕಲೆಯ ಪ್ರಿಂಟ್‌ಗಳನ್ನು ಮಾರುತ್ತಿದ್ದೇನೆ. ನಾನು ಹೊಸದಾಗಿ ಅಚ್ಚು ಹಾಕಿಸುವವನಲ್ಲ. ಸಂಗ್ರಹಕಾರರಿಂದ, ಗ್ಯಾಲರಿಗಳಿಂದ ಕೊಂಡ ಅಸಲಿ ಪ್ರಿಂಟ್‌ಗಳನ್ನು ಮತ್ತೆ ಮಾರುವವನು. ಲಿಥೋಗ್ರಾಫ್ (ಕಲ್ಲು ಅಥವಾ ಲೋಹದ ಹಾಳೆಯ ಮೇಲೆ ಬರೆದು ತೆಗೆದ ಅಚ್ಚು), ಸ್ಕ್ರೀನ್ ಪ್ರಿಂಟ್ (ಜಾಲರಿಯ ಮೂಲಕ ಶಾಯಿ ಒತ್ತಿ ತೆಗೆದ ಅಚ್ಚು), ಕಲಾವಿದರ ಸಹಿ ಇರುವ ಸೀಮಿತ ಪ್ರತಿಗಳು, ಹೀಗೆ. ಮಾರಾಟದ ಮಟ್ಟಿಗೆ ತಾಣ ಚೆನ್ನಾಗಿದೆ. ಪ್ರಿಂಟ್ ಬಗ್ಗೆ ತಿಳಿದು ಖರೀದಿಸುವವರು ಸಿಗುತ್ತಾರೆ, ಬಿಡ್ ಏರುತ್ತದೆ, ಹಣ ಸರಿಯಾಗಿ ಕೈಸೇರುತ್ತದೆ. ಇದರ ಬಗ್ಗೆ ಇಷ್ಟು ಸಾಕು. ನಾನು ಹೇಳಬೇಕಾಗಿರುವುದು ಕಾಪಿರೈಟ್ ದೂರು ಬಂದಾಗ ಏನಾಗುತ್ತದೆ ಎನ್ನುವುದನ್ನು.

ಒಂದು ಸ್ಕ್ರೀನ್ ಪ್ರಿಂಟ್ ಹರಾಜಿಗೆ ಹಾಕಿದ್ದೆ. ಕೆಳಗೆ ಬಲಕ್ಕೆ ಪೆನ್ಸಿಲಿನಲ್ಲಿ ಕಲಾವಿದರ ಸಹಿ, ಎಡಕ್ಕೆ ಪ್ರತಿಯ ಸಂಖ್ಯೆ, ಮೂಲೆಯಲ್ಲಿ ಪ್ರಕಾಶಕರ ಉಬ್ಬು ಮುದ್ರೆ. ಬೆಳಕನ್ನು ಓರೆಯಾಗಿ ಬಿಟ್ಟು ಆ ಮುದ್ರೆಯ ಫೋಟೋವನ್ನೂ ಹಾಕಿದ್ದೆ. ಕೊನೆಯ ದಿನ, ಬಿಡ್ ಏರುತ್ತಿರುವಾಗಲೇ ಲಿಸ್ಟಿಂಗ್ (ತಾಣದಲ್ಲಿ ನಾನು ಹಾಕಿದ್ದ ಮಾರಾಟದ ಪುಟ) ಮಾಯ. ಹಕ್ಕುದಾರರ ದೂರಿನ ಮೇರೆಗೆ ತೆಗೆಯಲಾಗಿದೆ ಎಂಬ ಇಮೇಲ್ ಬಂತು, ಅಷ್ಟೇ. ದೂರು ಕೊಟ್ಟದ್ದು ಕಲಾವಿದರ ಹಕ್ಕುಗಳನ್ನು ನೋಡಿಕೊಳ್ಳುವ ಒಂದು ಏಜೆನ್ಸಿ. ಇದು ನಕಲು ಎಂದು ಯಾಕೆ ಅನಿಸಿತು ಎಂದು ಅವರು ಬರೆದಿರಲಿಲ್ಲ. ತಾಣವೂ ಕೇಳಿರಲಿಲ್ಲ.

ಕಾನೂನು ಈ ವಿಷಯದಲ್ಲಿ ಮಾರುವವರ ಪರವೇ ಇದೆ. ಹಕ್ಕುದಾರರು ಒಂದು ಪ್ರತಿಯನ್ನು ಒಮ್ಮೆ ಮಾರಿದರೆ, ಆ ಪ್ರತಿ ಮುಂದೆ ಯಾರ ಕೈಗೆ ಹೋಗಬೇಕು ಎನ್ನುವುದರ ಮೇಲೆ ಅವರ ಹಿಡಿತ ಮುಗಿಯಿತು. ಚಿತ್ರವನ್ನು ಮತ್ತೆ ಅಚ್ಚು ಮಾಡುವ ಹಕ್ಕು ಮಾತ್ರ ಅವರಲ್ಲೇ ಉಳಿಯುತ್ತದೆ. ಅಮೆರಿಕದ ಕಾಪಿರೈಟ್ ಕಾಯ್ದೆಯ 109ನೇ ಸೆಕ್ಷನ್ ಹೇಳುವುದು ಇದನ್ನೇ. ಬೇರೆ ದೇಶದಲ್ಲಿ ಕಾನೂನುಬದ್ಧವಾಗಿ ಅಚ್ಚಾದ ಪ್ರತಿಗಳಿಗೂ ಇದು ಅನ್ವಯಿಸುತ್ತದೆ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 2013ರಲ್ಲಿ ತೀರ್ಪು ಕೊಟ್ಟಿದೆ. ಯುರೋಪ್ ಒಕ್ಕೂಟದಲ್ಲೂ ಇಂಥದ್ದೇ ನಿಯಮವಿದೆ, ಆದರೆ ಮೊದಲ ಮಾರಾಟ ಒಕ್ಕೂಟದ ಒಳಗೇ ಆಗಿರಬೇಕು.

ಹಾಗಾದರೆ ತೊಂದರೆ ಎಲ್ಲಿ? ಗಡಿಯಾರದಲ್ಲಿ. ಇಂಟರ್ನೆಟ್ಟಿನ ಕಾಪಿರೈಟ್ ದೂರುಗಳಿಗೆ ಸಂಬಂಧಿಸಿದ ಅಮೆರಿಕದ 1998ರ ಡಿಎಂಸಿಎ ಕಾಯ್ದೆಯ ಪ್ರಕಾರ, ದೂರು ಬಂದ ಕೂಡಲೇ ತೆಗೆದುಹಾಕಿದರೆ ತಾಣಕ್ಕೆ ಹೊಣೆ ಬರುವುದಿಲ್ಲ. ಮಾರುವವರು ಕೌಂಟರ್ ನೋಟಿಸ್, ಅಂದರೆ ದೂರು ತಪ್ಪು ಎಂಬ ಲಿಖಿತ ಉತ್ತರ, ಕೊಡಬಹುದು. ಅದಾದ ಮೇಲೆ ದೂರುದಾರರು ಕೋರ್ಟಿಗೆ ಹೋಗದಿದ್ದರೆ 10ರಿಂದ 14 ಕೆಲಸದ ದಿನಗಳೊಳಗೆ ಲಿಸ್ಟಿಂಗ್ ವಾಪಸ್ ಬರಬೇಕು. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಹರಾಜು ನಡೆಯುವುದೇ ಒಂದು ವಾರ! ನನ್ನ ಲಿಸ್ಟಿಂಗ್ ವಾಪಸ್ ಬಂತು, ಬಿಡ್‌ಗಳು ಬರಲಿಲ್ಲ. ಪೈಪೋಟಿಗೆ ಬಿದ್ದಿದ್ದ ಇಬ್ಬರೂ ಅಷ್ಟರಲ್ಲಿ ಬೇರೆ ಕಡೆ ಕೊಂಡಿರಬೇಕು. ಎರಡನೇ ಸಲ ಹಾಕಿದಾಗ ಆ ಬೆಲೆ ಹತ್ತಿರಕ್ಕೂ ಬರಲಿಲ್ಲ. ಗೆದ್ದರೂ ನಷ್ಟ ನಷ್ಟವೇ. ಸುಳ್ಳೆಂದು ಗೊತ್ತಿದ್ದೇ ದೂರು ಕೊಟ್ಟವರಿಂದ ಪರಿಹಾರ ಕೇಳಲು ಅದೇ ಕಾಯ್ದೆಯಲ್ಲಿ ಅವಕಾಶವಿದೆ. ಆದರೆ ಒಂದು ಪ್ರಿಂಟಿಗೋಸ್ಕರ ಯಾರು ಕೋರ್ಟು ಹತ್ತುತ್ತಾರೆ? ಇನ್ನು ದೂರು ಕಾಪಿರೈಟಿನದ್ದಲ್ಲದೆ ಟ್ರೇಡ್‌ಮಾರ್ಕಿನದ್ದಾದರೆ ಈ ಕೌಂಟರ್ ನೋಟಿಸ್ ದಾರಿಯೂ ಇಲ್ಲ.

ಕಲಾವಿದರ ಕಡೆಯನ್ನೂ ಹೇಳಲೇಬೇಕು. ಈ ತಾಣದಲ್ಲಿ ಕದ್ದ ಚಿತ್ರಗಳ ಪ್ರಿಂಟ್ ತುಂಬಾ ಇವೆ, ನೋಡಿದರೆ ಹೊಟ್ಟೆ ಉರಿಯುತ್ತದೆ. ನಾನು ಏನು ಕೊಂಡರೂ ಮೊದಲು ಭೂತಗನ್ನಡಿ ಹಿಡಿದು ನೋಡುತ್ತೇನೆ. ಕೈಯಿಂದ ಮಾಡಿದ ಲಿಥೋಗ್ರಾಫಿನಲ್ಲಿ ಶಾಯಿಯ ಕಣಗಳು ಒಂದೊಂದು ಒಂದೊಂದು ಥರ, ಒತ್ತಾಗಿ, ಲೆಕ್ಕವಿಲ್ಲದೆ ಹರಡಿರುತ್ತವೆ. ಆಫ್‌ಸೆಟ್ ಯಂತ್ರದಲ್ಲಿ ಅಚ್ಚಾದ ಪ್ರತಿಯಲ್ಲಿ ನಾಲ್ಕು ಬಣ್ಣದ ಚುಕ್ಕಿಗಳು ಸಾಲಾಗಿ ಕೂತು ಸಣ್ಣ ಸಣ್ಣ ಹೂವಿನ ಆಕಾರ ಮಾಡಿರುತ್ತವೆ. ಸಹಿಯೂ ಆ ಚುಕ್ಕಿಗಳಲ್ಲೇ ಮೂಡಿದ್ದರೆ ಅದು ಪೆನ್ಸಿಲಿನ ಸಹಿಯಲ್ಲ, ಅಚ್ಚಾದ ಸಹಿ. ಅಂಥದ್ದನ್ನು 'ಕೈಸಹಿ ಇರುವ ಪ್ರತಿ' ಎಂದು ಮಾರುವವರನ್ನು ತಾಣ ಕಿತ್ತು ಹಾಕಲಿ, ನನಗೆ ಸಂತೋಷವೇ. ನನ್ನ ಸಿಟ್ಟಿರುವುದು ಅಸಲಿಗೂ ನಕಲಿಗೂ ಒಂದೇ ಗುಂಡಿ ಒತ್ತುವುದರ ಮೇಲೆ.

ಪ್ರಿಂಟನ್ನು ಕೊಂಡು ಅದರ ರೂಪ ಬದಲಿಸಿ ಮಾರುವವರ ಮಾತು ಬೇರೆ. ಕಾಗದದ ಪೋಸ್ಟರಿನ ಶಾಯಿಯನ್ನು ರಾಸಾಯನಿಕದಿಂದ ಕ್ಯಾನ್ವಾಸಿಗೆ ವರ್ಗಾಯಿಸಿ ಮಾರುತ್ತಿದ್ದ ಆಲ್‌ಪೋಸ್ಟರ್ಸ್ ಪ್ರಕರಣದಲ್ಲಿ, ಮರುಮಾರಾಟದ ರಕ್ಷಣೆ ಇದಕ್ಕೆ ಇಲ್ಲ ಎಂದು ಯುರೋಪ್ ಒಕ್ಕೂಟದ ನ್ಯಾಯಾಲಯ 2015ರಲ್ಲಿ ಹೇಳಿತು. ಅಮೆರಿಕದಲ್ಲಿ ಚಿತ್ರಗಳನ್ನು ಸೆರಾಮಿಕ್ ಟೈಲ್ಸಿಗೆ ಅಂಟಿಸಿ ಮಾರಿದ ಬಗ್ಗೆ ಎರಡು ಮೇಲ್ಮನವಿ ಕೋರ್ಟುಗಳು ಎರಡು ಥರ ಹೇಳಿವೆ: 1988ರಲ್ಲಿ ಒಂದು ತಪ್ಪು ಎಂದಿತು, 1997ರಲ್ಲಿ ಇನ್ನೊಂದು ತಪ್ಪಲ್ಲ ಎಂದಿತು. ಹೀಗಿರುವಾಗ ನಾನಂತೂ ಫ್ರೇಮ್ ಬಿಟ್ಟು ಬೇರೇನೂ ಮುಟ್ಟುವುದಿಲ್ಲ.

ಲಿಸ್ಟಿಂಗಿನ ಫೋಟೋ ಬಗ್ಗೆಯೂ ಒಂದು ಮಾತು. ಪ್ರಿಂಟ್ ನಿಮ್ಮದು, ಆದರೆ ಅದರ ಫೋಟೋ ಹಾಕಿದರೆ ಅದು ಚಿತ್ರದ ಇನ್ನೊಂದು ಪ್ರತಿ, ಅಲ್ವಾ? ಕಲಾಕೃತಿಯ ಮಾರಾಟದ ಜಾಹೀರಾತಿಗೆ ಬೇಕಾದಷ್ಟು ಬಳಸಲು ಸದಸ್ಯ ದೇಶಗಳು ವಿನಾಯಿತಿ ಕೊಡಬಹುದು ಎಂದು ಯುರೋಪ್ ಒಕ್ಕೂಟದ 2001ರ ನಿರ್ದೇಶನ ಹೇಳುತ್ತದೆ. ಎಲ್ಲ ಕಡೆ ಇಷ್ಟು ಸ್ಪಷ್ಟವಾಗಿಲ್ಲ. ನಾನು ಮಾಡುವುದು ಇಷ್ಟು: ಪ್ರಕಾಶಕರ ವೆಬ್‌ಸೈಟಿನ ಚಿತ್ರವನ್ನಾಗಲಿ ಕ್ಯಾಟಲಾಗಿನ ಬರಹವನ್ನಾಗಲಿ ಎತ್ತುವುದಿಲ್ಲ. ನನ್ನದೇ ಕ್ಯಾಮೆರಾದಲ್ಲಿ, ಕಾಗದದ ಅಂಚು, ಮಡಿಕೆ, ಕಲೆ ಎಲ್ಲ ಕಾಣುವ ಹಾಗೆ ತೆಗೆಯುತ್ತೇನೆ. ಮಾರುತ್ತಿರುವುದು ಈ ಒಂದು ಪ್ರತಿ ಎನ್ನುವುದು ನೋಡಿದ ತಕ್ಷಣ ಗೊತ್ತಾಗಬೇಕು. ಹಳೆಯ ರಸೀದಿ ಇದ್ದರೆ ಹೆಸರು, ವಿಳಾಸ ಮುಚ್ಚಿ ಅದರ ಫೋಟೋವನ್ನೂ ಸೇರಿಸುತ್ತೇನೆ. ಹೀಗೆ ಮಾಡಲು ಶುರು ಮಾಡಿದ ಮೇಲೆ ದೂರುಗಳು ನಿಂತಿಲ್ಲ. ಆದರೆ ಏಜೆನ್ಸಿಗೆ ನೇರವಾಗಿ ಬರೆದಾಗ ಅವರೇ ದೂರು ವಾಪಸ್ ತೆಗೆದುಕೊಂಡದ್ದುಂಟು. ಕೌಂಟರ್ ನೋಟಿಸಿಗಿಂತ ಅದು ಬೇಗ ಆಗುತ್ತದೆ.

ಐದರಲ್ಲಿ ಮೂರು ಸ್ಟಾರ್ ಕೊಡುತ್ತೇನೆ. ದೂರು ಬಂದಾಗ ಲಿಸ್ಟಿಂಗ್ ಮುಚ್ಚಿಟ್ಟರೂ ಹರಾಜಿನ ಗಡಿಯಾರ ನಿಲ್ಲಿಸಿ, ಬಿಡ್ ಮಾಡಿದವರಿಗೆ ಒಂದು ಮಾತು ತಿಳಿಸಿ, ಅಡ್ಡಿ ತೀರಿದ ಮೇಲೆ ಅಲ್ಲಿಂದಲೇ ಮುಂದುವರಿಸಿದರೆ ನಾಲ್ಕು ಕೊಡುತ್ತಿದ್ದೆ. ಅದಾಗುವ ತನಕ, ದೂರು ಜಾಸ್ತಿ ಬರುವ ಕಲಾವಿದರ ಪ್ರಿಂಟ್‌ಗಳನ್ನು ನಿಗದಿ ಬೆಲೆಗೆ ಹಾಕುತ್ತೇನೆ, ಉಳಿದವನ್ನು ಮಾತ್ರ ಹರಾಜಿಗೆ.