ಸೆಕೆಂಡ್ ಹ್ಯಾಂಡ್ ಸಿಗ್ನಲ್ ಜನರೇಟರ್: ಕೆಲಸ ಚೆನ್ನ, ನೆನಪಿನ ಶಕ್ತಿ ಕಡಿಮೆ

ಮೊದಲು ಬೈದುಬಿಡುತ್ತೇನೆ. ಕರೆಂಟ್ ಹೋಗಿ ಬಂದರೆ ಸಾಕು, ಟೆಸ್ಟಿಗೆ ಬೇಕಾದ ರೇಡಿಯೋ ಸಿಗ್ನಲ್ ಹುಟ್ಟಿಸುವ ಈ ಮಷೀನು ಪೀಕ್ ಕಡಿತದ (ಸಿಗ್ನಲ್‌ನ ಎತ್ತರದ ತುದಿಗಳನ್ನು ತಗ್ಗಿಸುವ) ಆಯ್ಕೆಯನ್ನು ಆಫ್ ಮಾಡಿಕೊಂಡು ಕೂರುತ್ತದೆ. ಫ್ರೀಕ್ವೆನ್ಸಿ, ಲೆವೆಲ್ ಎಲ್ಲಾ ನೆನಪಿರುತ್ತೆ, ಇದೊಂದು ಬಿಟ್ಟು! ಮೆನು ಒಳಗೆ ಮೆನು ಇಳಿದು ಮತ್ತೆ ಆನ್ ಮಾಡಬೇಕು. ಬಳ್ಳಾರಿಯ ಏಪ್ರಿಲ್-ಮೇನಲ್ಲಿ ಇದು ಎಷ್ಟು ಸಲ ಅಂತ ನೀವೇ ಊಹಿಸಿ. ಕೊನೆಗೆ ಯುಪಿಎಸ್ ತಂದೆ. ಅದೊಂದು ದಂಡ.

ಇಷ್ಟು ಸಿಟ್ಟು ಯಾಕೆ ಅಂದರೆ, ನಾನು ಟೆಸ್ಟ್ ಮಾಡುವುದು 4ಜಿ ಆಂಪ್ಲಿಫೈಯರ್ ಬೋರ್ಡ್‌ಗಳನ್ನು. 4ಜಿ ಬಳಸುವ ಒಎಫ್‌ಡಿಎಂ ಅನ್ನೋ ಸಿಗ್ನಲ್‌ನಲ್ಲಿ ನೂರಾರು ಸಬ್‌ಕ್ಯಾರಿಯರ್‌ಗಳು, ಅಂದರೆ ಡೇಟಾ ಹೊರುವ ಸಣ್ಣ ಸಣ್ಣ ಅಲೆಗಳು, ಒಟ್ಟಿಗೆ ಸೇರಿದಾಗ ಪೀಕ್ ಸರಾಸರಿಗಿಂತ 10-12 ಡಿಬಿ ಮೇಲೆ ಹೋಗುತ್ತದೆ. 10 ಡಿಬಿ ಅಂದರೆ ಹತ್ತು ಪಟ್ಟು ಪವರ್. ಬೋರ್ಡ್ ಅದನ್ನು ತಡೆಯಲಾರದೆ ಪಕ್ಕದ ಚಾನಲ್‌ಗೆ ಗಲೀಜು ಚೆಲ್ಲುತ್ತದೆ.

ಕಡಿತ ಆನ್ ಇದ್ದಾಗ ಮಾತ್ರ ಈ ಮಷೀನಿನ ಮೇಲೆ ಪ್ರೀತಿ ಉಕ್ಕುತ್ತದೆ. ಪೀಕನ್ನು ಸರಾಸರಿಗಿಂತ 8 ಡಿಬಿಗೆ ಇಳಿಸಿದರೆ, ಯಾವ ಫ್ರೀಕ್ವೆನ್ಸಿಯಲ್ಲಿ ಎಷ್ಟು ಸಿಗ್ನಲ್ ಇದೆ ಅಂತ ತೋರಿಸುವ ಅನಲೈಸರ್ ಪರದೆಯಲ್ಲಿ ಎರಡೂ ಬದಿಯ ಶೋಲ್ಡರ್ (ಪಕ್ಕಕ್ಕೆ ಚೆಲ್ಲಿದ ಗಲೀಜಿನ ದಿಬ್ಬ) ಮೆಲ್ಲಗೆ ಕುಸಿಯುತ್ತದೆ. ಸುಮ್ನೆ ಕತ್ತರಿಸಿದರೆ ಹೀಗಾಗುವುದಿಲ್ಲ. ಚೂಪಾದ ಕತ್ತರಿಕೆಯೇ ಪಕ್ಕದ ಬ್ಯಾಂಡಿಗೆ ಹರಡುತ್ತದೆ. ಫಿಲ್ಟರ್ ಹಾಕಿದರೆ ಪೀಕ್ ಮತ್ತೆ ತಲೆ ಎತ್ತುತ್ತದೆ. ಹಾಗಾಗಿ ಕತ್ತರಿಸುವುದು, ಫಿಲ್ಟರ್ ಮಾಡುವುದು, ಹಲವು ಸುತ್ತು ನಡೆಯಬೇಕು. ಅದನ್ನೆಲ್ಲ ಇದು ತಾನೇ ಮಾಡಿಕೊಳ್ಳುತ್ತದೆ. ಜಾಸ್ತಿ ಆಸೆ ಮಾತ್ರ ಬೇಡ. 6 ಡಿಬಿಗೆ ಎಳೆದರೆ ಇವಿಎಂ (ಸಿಗ್ನಲ್ ತನ್ನ ಸರಿಯಾದ ರೂಪದಿಂದ ಎಷ್ಟು ತಪ್ಪಿದೆ ಅನ್ನೋ ಅಳತೆ) ಕೆಡುತ್ತದೆ. 4ಜಿಯ 64 ಕ್ಯೂಎಎಂ ಅನ್ನೋ ಡೇಟಾ ತುಂಬುವ ವಿಧಾನಕ್ಕೆ ಬೇಸ್ ಸ್ಟೇಷನ್ ಮಿತಿ ಶೇ. 8. ಬೋರ್ಡಿನ ಪಾಲೂ ಅದರೊಳಗೇ ಬರಬೇಕಲ್ವಾ?

ಬೆಳಿಗ್ಗೆ ಬಂದ ತಕ್ಷಣ ಫ್ಯಾನಿನ ಜಾಲರಿ ಬಿಚ್ಚಿ ಕೆಂಪು ಧೂಳು ಕೊಡವುತ್ತೇನೆ. ನಮ್ಮೂರಿನ ಅದಿರಿನ ಧೂಳು ಎಲ್ಲಿ ಬಿಟ್ಟರೂ ನುಸುಳುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಯಿಂದ ಕೇಬಲ್ ತಿರುಗಿಸಿ ಕೂರಿಸುವ ಎಸ್‌ಎಂಎ ಕನೆಕ್ಟರಿನ ತಿರುಪಿನ ಸುತ್ತುಗಳನ್ನು ಒರೆಸುತ್ತೇನೆ. ಆಮೇಲೆ ಅರ್ಧ ಗಂಟೆ ಬಿಸಿಯಾಗಲು ಬಿಟ್ಟು ಚಹಾ ಕುಡಿದು ಬರುತ್ತೇನೆ. ಅಳತೆಗೆ ಮುಂಚೆ ಅನಲೈಸರ್ ಒಳಗಿನ ಅಟೆನ್ಯುಯೇಟರನ್ನು (ಒಳಬರುವ ಸಿಗ್ನಲ್ ತಗ್ಗಿಸುವ ಭಾಗ) 10 ಡಿಬಿ ಏರಿಸಿ ನೋಡುತ್ತೇನೆ. ಶೋಲ್ಡರ್ ಇಳಿದರೆ ಆ ಗಲೀಜು ಅನಲೈಸರಿನದ್ದೇ, ಬೋರ್ಡನ್ನು ಬೈಯಬೇಡಿ.

ಹೊಸದನ್ನು ಕೊಳ್ಳುವ ಶಕ್ತಿ ನನಗಿಲ್ಲ, ಈ ಬೆಲೆಗೆ ಇದೇ ಸಾಕು. ಆದರೆ ಬರೀ ಎಫ್‌ಎಂ ಸೆಟ್ ರಿಪೇರಿ ಮಾಡುವವರು ಇದಕ್ಕೆ ದುಡ್ಡು ಸುರಿಯಬೇಡಿ. ಎಫ್‌ಎಂನಲ್ಲಿ ಸಿಗ್ನಲ್ ಎತ್ತರ ಬದಲಾಗುವುದೇ ಇಲ್ಲ, ಕತ್ತರಿಸಲು ಪೀಕೇ ಇರುವುದಿಲ್ಲ.